ಜೂನಿನಲ್ಲಿ ಬನ್ನಿ, ಮದಾಮ್

ಫ್ರಾನ್ಸಿನ ನಮ್ಮ ವೈನಿನ ಊರು ಬೋನ್‌ಗೆ ಬರಲು ಯಾವ ಕಾಲ ಒಳ್ಳೆಯದು ಎಂದು ಕೇಳುವವರಿಗೆ ಉತ್ತರ ಹೇಳಿ ಹೇಳಿ ನನ್ನ ನಾಲಿಗೆ ಸವೆದಿದೆ. ಶನಿವಾರದ ಸಂತೆಯಲ್ಲಿ ನಾನು ಚೀಸ್ ಮಾರಲು ನಿಲ್ಲುತ್ತೇನೆ. ಕೊಳ್ಳುವವರು ನಾಲ್ಕು ಜನವಾದರೆ ಈ ಪ್ರಶ್ನೆ ಕೇಳಿ ಹೋಗುವವರು ನಲವತ್ತು. ಸೆಪ್ಟೆಂಬರಿನ ದ್ರಾಕ್ಷಿ ಕೊಯ್ಲಿನಲ್ಲಿ ಬಂದರೆ ಟ್ರ್ಯಾಕ್ಟರುಗಳ ಹಿಂಭಾಗ ನೋಡಿಕೊಂಡು ಹೋಗಬಹುದು, ನವೆಂಬರಿನ ವೈನ್ ಹರಾಜಿನ ವಾರ ಬಂದರೆ ಜನರ ಬೆನ್ನು ನೋಡಿಕೊಂಡು ಹೋಗಬಹುದು, ಅಕ್ಟೋಬರಿನಲ್ಲಿ ಬನ್ನಿ, ಎಲೆ ಬಂಗಾರದ ಬಣ್ಣಕ್ಕೆ ತಿರುಗಿರುತ್ತದೆ, ನಮಗೂ ನಿಮ್ಮ ಮುಖ ನೋಡಿ ನಗುವಷ್ಟು ಪುರಸೊತ್ತು ಇರುತ್ತದೆ ಎನ್ನುತ್ತೇನೆ. ಈ ಉತ್ತರಕ್ಕಾಗಿ ಒಂದು ದಿನವೂ ತಲೆ ಕೆಡಿಸಿಕೊಂಡವಳಲ್ಲ. ಅದೇ ಪ್ರಶ್ನೆಯನ್ನು ಫೆಬ್ರವರಿಯಲ್ಲಿ ಮದಾಮ್ ತಿಸಾಂದಿಯೆ ಲಿಯಾನ್‌ನಿಂದ ಫೋನ್ ಮಾಡಿ ಕೇಳಿದಾಗ ಮಾತ್ರ ಯೋಚಿಸಲು ಸಮಯ ಕೇಳಿದೆ. ಅದು ನನ್ನ ಮಟ್ಟಿಗೆ ಅಪರೂಪ.

ಮದಾಮ್ ನಾವು ಮಾಡುವ ದ್ರಾಕ್ಷಿ ತೋಟದ ಒಡತಿ. ಊರ ಕೋಟೆಗೋಡೆಯಾಚೆ, ಇಳಿಜಾರಿನಲ್ಲಿರುವ ಆ ತೋಟವನ್ನು ನನ್ನ ಮಾವನ ಅಪ್ಪ, ಆಮೇಲೆ ನನ್ನ ಮಾವ ಪಾಲಿಗೆ ಮಾಡುತ್ತಿದ್ದರು, ಅವರ ನಂತರ ನನ್ನ ಗಂಡ ರೆಜಿಸ್. ಬಂದ ವೈನಿನಲ್ಲಿ ಒಂದು ಪಾಲು ಅವರಿಗೆ, ಉಳಿದದ್ದು ನಮಗೆ. ನಮಗೆ ಬೇರೆ ತೋಟವಿಲ್ಲ. ಅದು ಹೋದರೆ ರೆಜಿಸ್ ಈ ವಯಸ್ಸಿನಲ್ಲಿ ಇನ್ನೊಬ್ಬರ ಬಳ್ಳಿ ಸವರಲು ಕೂಲಿಗೆ ಹೋಗಬೇಕು.

"ಗಿಲೆನ್, ನವೆಂಬರಲ್ಲಿ ಸಂತ ಮಾರ್ಟಿನ್ ಹಬ್ಬಕ್ಕೆ ಗೇಣಿ ಮುಗಿಯುತ್ತೆ," ಎಂದರು ಮದಾಮ್. "ಕೇಳ್ಕೊಂಡು ಬಂದೋರಿದ್ದಾರೆ, ನಿಮ್ಮ ಹತ್ರ ಯಾಕೆ ಮುಚ್ಚಿಡ್ಲಿ. ದೊಡ್ಡ ವ್ಯಾಪಾರದೋರು. ನಾನು ಹೂಂ ಅನ್ನೋ ಮುಂಚೆ ಒಂದ್ಸಲ ಬಂದು ರೆಜಿಸ್ ಜೊತೆ ರುಚಿ ನೋಡ್ಬೇಕು. ಆದ್ರೆ ನನ್ನ ಮಂಡಿ ನಿಮಗೆ ಗೊತ್ತಲ್ಲ, ವರ್ಷಕ್ಕೆ ಒಂದೇ ಸಲ ರೈಲು ಹತ್ತೋಕಾಗೋದು. ಬೋನ್‌ಗೆ ಯಾವ ಕಾಲದಲ್ಲಿ ಬಂದ್ರೆ ಒಳ್ಳೇದು, ನೀವೇ ಹೇಳಿ."

"ಯೋಚನೆ ಮಾಡಿ ಹೇಳ್ತೀನಿ ಮದಾಮ್."

"ಇದಕ್ಕೂ ಯೋಚನೆನಾ?" ಎಂದು ನಕ್ಕು ಫೋನ್ ಇಟ್ಟರು.

ಯೋಚನೆ ಮಾಡಲೇಬೇಕಿತ್ತು. ಏಕೆಂದರೆ ನನ್ನ ಗಂಡನಿಗೆ ಮೂಗಿಲ್ಲ. ಮುಖದ ಮೇಲೇನೋ ಇದೆ, ದೊಡ್ಡದೇ ಇದೆ, ಅದು ಅವರ ಮನೆತನದ್ದು. ಆದರೆ ಅದಕ್ಕೆ ವಾಸನೆ ತಿಳಿಯುವುದಿಲ್ಲ. ಹಿಂದಿನ ಚಳಿಗಾಲದಾಚೆಯ ಚಳಿಗಾಲದಲ್ಲಿ ಒಂದು ಕೆಟ್ಟ ಜ್ವರ ಬಂತು. ಜ್ವರ ಹೋಯಿತು, ಕೆಮ್ಮು ಹೋಯಿತು, ಹಸಿವು ಮರಳಿ ಬಂತು, ವಾಸನೆ ಮಾತ್ರ ಬರಲಿಲ್ಲ. ಒಂದು ಬೆಳಿಗ್ಗೆ ಒಲೆಯ ಮೇಲೆ ಹಾಲು ಸೀದು ಮನೆಯೆಲ್ಲ ಕಮರು ನಾತ. ಇವನು ಒಲೆಗೆ ಬೆನ್ನು ಹಾಕಿ ಪೇಪರ್ ಓದುತ್ತ ಕೂತಿದ್ದ. ನಾನು ಬೈಯಲು ಬಾಯಿ ತೆರೆದವಳು ಅವನ ಮುಖ ನೋಡಿ ಒಲೆ ಆರಿಸಿದೆ. ಡಿಜೋನ್‌ನ ಡಾಕ್ಟರು ಎಲ್ಲ ಪರೀಕ್ಷೆ ಮಾಡಿ, ಬಂದರೂ ಬರಬಹುದು, ಬರದೆಯೂ ಇರಬಹುದು ಎಂದರು. ಅಷ್ಟು ಹೇಳಿಸಿಕೊಳ್ಳುವುದಕ್ಕೆ ಡಿಜೋನ್‌ವರೆಗೆ ಯಾಕೆ ಹೋಗಬೇಕಿತ್ತು, ನಮ್ಮ ಬೀದಿಯ ಬೇಕರಿಯವಳೂ ಹೇಳುತ್ತಿದ್ದಳು.

ವೈನು ಮಾಡುವವನಿಗೆ ಮೂಗು ಹೋದರೆ ಎಲ್ಲ ಹೋದ ಹಾಗೆ. ನಾಲಿಗೆಗೆ ಹುಳಿ, ಸಿಹಿ, ಒಗರು ತಿಳಿಯುತ್ತದೆ, ಅಷ್ಟೇ. ಡಾಕ್ಟರ ಹತ್ತಿರದಿಂದ ಬಂದ ದಿನ ರೆಜಿಸ್ ವೈನಿನ ನೆಲಮಾಳಿಗೆಯಲ್ಲಿ ಎರಡು ಪೀಪಾಯಿಗಳ ನಡುವೆ ಕುಕ್ಕರುಗಾಲಲ್ಲಿ ಕೂತು ಅತ್ತ. ಅವನು ಅಳುವುದನ್ನು ನಾನು ಅದೇ ಮೊದಲು ನೋಡಿದ್ದು.

"ಯಾರಿಗೂ ಹೇಳ್ಬೇಡ ಕಣೆ," ಎಂದ. "ಜೋಸಿಯಾನ್‌ಗೂ ಬೇಡ."

"ಅವಳಿಗೆ ಹೇಳೋದೂ ಒಂದೇ, ಚರ್ಚಿನ ಗಂಟೆ ಹೊಡೆಯೋದೂ ಒಂದೇ," ಎಂದೆ. ಜೋಸಿಯಾನ್ ಅವನ ತಂಗಿ.

ಅಂದಿನಿಂದ ಅವನ ಮೂಗಿನ ಕೆಲಸ ನನ್ನದಾಯಿತು. ವ್ಯಾಪಾರಿ ಬರುವ ದಿನ ಬೆಳಿಗ್ಗೆ ನಾನು ಒಂದೊಂದು ಪೀಪಾಯಿಯಿಂದಲೂ ಗಾಜಿನ ನಳಿಗೆಯಲ್ಲಿ ಸ್ವಲ್ಪ ಸ್ವಲ್ಪ ತೆಗೆದು ಮೂಸಿ, ಬಾಯಲ್ಲಿ ತಿರುಗಿಸಿ ಉಗಿದು, ಅವನಿಗೆ ಮಾತು ಕೊಡುತ್ತಿದ್ದೆ. ಇದರಲ್ಲಿ ಚೆರಿ, ಇದರಲ್ಲಿ ಒದ್ದೆ ಮಣ್ಣು, ಇದು ಇನ್ನೂ ಮುಚ್ಚಿಕೊಂಡಿದೆ, ಪರಿಮಳ ಬಿಟ್ಟಿಲ್ಲ. ಮಧ್ಯಾಹ್ನ ಅವನು ಅವನ್ನೇ ಗಂಭೀರವಾಗಿ ಹೇಳುತ್ತಿದ್ದ. ವ್ಯಾಪಾರಿಗಳು ತಲೆದೂಗುತ್ತಿದ್ದರು. ನಾನು ಹಿಂದೆ ಲೋಟ ತೊಳೆಯುತ್ತ ನಿಂತಿರುತ್ತಿದ್ದೆ.

ಇದು ನೆಲಮಾಳಿಗೆಗೆ ನಿಲ್ಲಲಿಲ್ಲ. ಊಟಕ್ಕೆ ಕೂತರೆ, ಮಳೆ ಬಂದು ನಿಂತರೆ, ಬ್ರೆಡ್ಡು ಮುರಿದರೆ, ಅವನದು ಒಂದೇ ಮಾತು: "ಹೇಗಿದೆ ಹೇಳು." ನಾನು ಹೇಳುತ್ತಿದ್ದೆ. ತಲೆ ತೊಳೆದುಕೊಂಡು ಬಂದರೆ ನನ್ನ ಕೂದಲಿಗೆ ಮುಖ ಇಟ್ಟು ಅದನ್ನೇ ಕೇಳುತ್ತಿದ್ದ. "ಸೋಪಿನ ಹಾಗಿದೆ, ಇನ್ನೇನಿರತ್ತೆ" ಎಂದು ಗದರುತ್ತಿದ್ದೆ. ನಿಜ ಹೇಳಬೇಕೆಂದರೆ ಮದುವೆಯಾದ ಹೊಸದರಲ್ಲೂ ನಾವು ಅಷ್ಟು ಮಾತಾಡಿರಲಿಲ್ಲ. ನನಗೆ ಅದು ಇಷ್ಟವಾಗಿತ್ತು.

ಆದರೆ ಮದಾಮ್ ವ್ಯಾಪಾರಿಯಲ್ಲ. ರೆಜಿಸ್‌ಗೆ ಜ್ವರ ಬಂದ ಮೇಲೆ ಮಂಡಿನೋವಿನಿಂದ ಅವರು ಇತ್ತ ಬಂದೇ ಇರಲಿಲ್ಲ. ಅವರಪ್ಪ ಮಗಳಿಗೆ ಹಾಲುಹಲ್ಲಿನ ವಯಸ್ಸಿನಿಂದ ಮೂಸಲು ಕಲಿಸಿದ್ದರು. ಮದಾಮ್ ಪೀಪಾಯಿಗಳ ಸಾಲು ತಪ್ಪಿಸಿ ಕೇಳುತ್ತಾರೆ, ಮುಂದಕ್ಕೆ ಹೋಗಿ ಹಿಂದಕ್ಕೆ ಬರುತ್ತಾರೆ, "ಹೋದ ಸಲ ಇದಲ್ಲವಲ್ಲ ನೀವು ಹೇಳಿದ್ದು" ಎನ್ನುತ್ತಾರೆ. ಬಾಯಿಪಾಠ ಅವರ ಮುಂದೆ ನಡೆಯುವುದಿಲ್ಲ. ಹಾಗಾಗಿ ಅವರು ಬರಬೇಕಾದದ್ದು ಪೀಪಾಯಿ ತೆರೆಯಲಾಗದ ಕಾಲದಲ್ಲಿ. ಅಂಥ ಕಾಲ ಯಾವುದು?

ಆ ಭಾನುವಾರ ಊಟಕ್ಕೆ ಬಂದ ಜೋಸಿಯಾನ್ ಮದಾಮ್ ಬರುವ ಸುದ್ದಿ ತಿಳಿದು, ಕೇಳದೆಯೇ ಸಲಹೆ ಕೊಟ್ಟಳು.

"ಕೊಯ್ಲಿಗೇ ಕರೀರಪ್ಪ. ಬೋನ್‌ಗೆ ಸೆಪ್ಟೆಂಬರ್ ಬಿಟ್ಟು ಬೇರೆ ಯಾವಾಗ ಬರ್ತಾರೆ ಯಾರಾದ್ರೂ? ಗಲಾಟೆ, ಊಟ, ಹಾಡು. ಮುದುಕಿಗೂ ಖುಷಿಯಾಗತ್ತೆ."

"ಕೊಯ್ಲಲ್ಲಿ ದಿನಾ ರಸ ಹುಳಿಯೋ ತೊಟ್ಟಿ ಮೂಸ್ಬೇಕು," ಎಂದ ರೆಜಿಸ್, ತಟ್ಟೆ ನೋಡುತ್ತ.

"ಮೂಸು. ಬೇಡ ಅಂದೋರ್ಯಾರು?"

"ಸೆಪ್ಟೆಂಬರ್ ಆಗಲ್ಲ," ಎಂದೆ ನಾನು.

"ಹಾಗಾದ್ರೆ ಈಗಲೇ ಕರೀರಿ. ಚಳಿಗಾಲ, ವೈನು ಸುಮ್ಮನೆ ಮಲಗಿದೆ, ನೆಮ್ಮದಿಯಾಗಿ ಒಂದೊಂದೇ ರುಚಿ ನೋಡ್ಬಹುದು."

"ಅದೂ ಆಗಲ್ಲ."

"ಏಪ್ರಿಲ್?"

"ಏಪ್ರಿಲಲ್ಲಿ ಇಬ್ಬನಿ ಹೆಪ್ಪುಗಟ್ಟಿ ಚಿಗುರು ಸುಡುತ್ತೋ ಅಂತ ನಾವು ಜೀವ ಕೈಲಿ ಹಿಡ್ಕೊಂಡಿರ್ತೀವಿ. ನೆಂಟರನ್ನ ನೋಡ್ಕೊಳ್ಳೋದ್ಯಾರು?"

"ಮದಾಮ್ ಬರೋದು ಬೇಡ ಅಂತ ನೇರವಾಗಿ ಹೇಳಿಬಿಡ್ರಲ್ಲ," ಎಂದು ಜೋಸಿಯಾನ್ ಅಣ್ಣನನ್ನೂ ನನ್ನನ್ನೂ ನೋಡಿದಳು. "ಏನೋ ಮುಚ್ಚಿಡ್ತಿದ್ದೀರ ಇಬ್ಬರೂ."

ಅವಳಿಗೆ ಇನ್ನಷ್ಟು ಮಾಂಸ ಬಡಿಸಿದೆ. ಬಾಯಿ ತುಂಬಿದ್ದರೆ ಸ್ವಲ್ಪ ಹೊತ್ತು ಸುಮ್ಮನಿರುತ್ತಾಳೆ.

ಉತ್ತರ ಹೊಳೆದದ್ದು ಮಾರನೆಯ ದಿನ, ತೋಟದಲ್ಲಿ ಸವರಿದ ಕಡ್ಡಿಗಳನ್ನು ಸುಡುತ್ತಿದ್ದಾಗ. ಬಳ್ಳಿ ಹೂ ಬಿಡುವ ದಿನಗಳಲ್ಲಿ ಪೀಪಾಯಿಯೊಳಗಿನ ವೈನೂ ಕದಡುತ್ತದೆ ಎಂಬುದು ನಮ್ಮ ಕಡೆಯ ಹಳಬರ ನಂಬಿಕೆ. ಹೊರಗೆ ತಾಯಿಬಳ್ಳಿಗೆ ಆಗುವುದು ಒಳಗಿರುವ ವೈನಿಗೂ ಗೊತ್ತಾಗುತ್ತದಂತೆ. ನನ್ನ ಮಾವ ಆ ವಾರ ನೆಲಮಾಳಿಗೆಗೆ ಬೀಗ ಹಾಕಿ ಕೀಲಿಕೈ ಜೇಬಿಗಿಡುತ್ತಿದ್ದರು, ರಾಜನೇ ಬಂದರೂ ತೆಗೆಯುತ್ತಿರಲಿಲ್ಲ. ಮದಾಮ್‌ರ ಅಪ್ಪನೂ ಅದನ್ನು ಪಾಲಿಸುತ್ತಿದ್ದವರೇ.

"ಜೂನ್," ಎಂದೆ. "ಹೂವಾಗೋ ಹೊತ್ತಿಗೆ ಕರೆಯೋಣ. ತೋಟ ತೋರಿಸೋಣ, ಒಳ್ಳೆ ಊಟ ಹಾಕೋಣ. ಪೀಪಾಯಿ ಮುಟ್ಟೋ ಹಾಗಿಲ್ಲ ಅಂತ ಅವರಿಗೇ ಗೊತ್ತಿರತ್ತೆ."

ರೆಜಿಸ್ ಕವಲುಗೋಲಿನಿಂದ ಬೆಂಕಿ ಕೆದಕಿದ. "ಜೂನಾ?" ಎಂದ. ಏನೋ ಅಡ್ಡಿ ಅವನ ಮನಸ್ಸಿಗೆ ಬಂದ ಹಾಗಿತ್ತು, ಆದರೆ ಏನೆಂದು ಅವನಿಗೂ ಹೊಳೆಯಲಿಲ್ಲ. "ಸರಿ. ನಿನ್ನ ತಲೆ ಚೆನ್ನಾಗಿದೆ ಕಣೆ."

ಆ ಹೊಗಳಿಕೆಗೆ ಉಬ್ಬಿ ಹೋದೆ. ಅಂದೇ ಫೋನ್ ಮಾಡಿ, "ಜೂನಿನಲ್ಲಿ ಬನ್ನಿ, ಮದಾಮ್" ಎಂದೆ. ಆ ಕಡೆ ಅವರು "ನಮ್ಮಪ್ಪನಿಗೂ ಅದೇ ಇಷ್ಟದ ಕಾಲ" ಎಂದರು. ಅವರ ದನಿ ಮೆತ್ತಗಾಗಿತ್ತು. ಯಾಕೆ ಎಂದು ನಾನು ಕೇಳಿಕೊಳ್ಳಲಿಲ್ಲ.

ಮೇ ತಿಂಗಳಲ್ಲಿ ಇನ್ನೊಂದು ತಲೆನೋವು ಬಂತು. ಗೋಡೆ ಬದಿಯ ಪೀಪಾಯಿ, ತೋಟದ ಮೇಲಿನ ಸಾಲುಗಳದ್ದು, ರೆಜಿಸ್‌ನ ಹೆಮ್ಮೆ. ಒಂದು ಬೆಳಿಗ್ಗೆ ಮೂಸಿದರೆ ಚೆರಿಯ ಹಿಂದೆ ಸಣ್ಣಗೆ, ನಾಲಿಗೆಗಿನ್ನೂ ಸಿಗದಷ್ಟು, ವಿನಿಗರ್. ಮತ್ತೆ ಮೂಸಿದೆ. ಇತ್ತು. ಮೇಲೆ ಮನೆಯಲ್ಲಿ, ಮಧ್ಯಾಹ್ನಕ್ಕೆ ಬರುವ ಬೆಲ್ಜಿಯಂ ವ್ಯಾಪಾರಿಗಾಗಿ ಅಂಗಿ ಇಸ್ತ್ರಿ ಮಾಡಿಕೊಳ್ಳುತ್ತ ರೆಜಿಸ್ ಸಿಳ್ಳೆ ಹಾಕುತ್ತಿದ್ದ. ಜ್ವರದ ನಂತರ ಅವನು ಸಿಳ್ಳೆ ಹಾಕಿದ್ದೇ ಕಡಿಮೆ. "ಗೋಡೆ ಬದೀದು ಹೇಗಿದೆ ಹೇಳು" ಎಂದು ಕೇಳಿದ. "ತುಂಬಾ ಚೆನ್ನಾಗಿದೆ. ಚೆರಿ, ಹೊಸ ಚರ್ಮ, ಕೊನೇಲಿ ಸ್ವಲ್ಪ ಮೆಣಸು" ಎಂದುಬಿಟ್ಟೆ. ಮಧ್ಯಾಹ್ನ ಅವನು ಎದೆ ಸೆಟೆಸಿ ಅದನ್ನೇ ಹೇಳಿದ. ಬೆಲ್ಜಿಯಂನವನು ಕುಡಿದು, ರೆಜಿಸ್‌ನ ಮುಖವನ್ನೇ ಒಮ್ಮೆ ನೋಡಿ, ವಂದಿಸಿ ಹೋದ. ಮತ್ತೆ ಫೋನ್ ಮಾಡಲಿಲ್ಲ. ಅವರಿಗೆ ಈ ವರ್ಷ ಬೇಡಿಕೆ ಕಡಿಮೆ ಇರಬೇಕು ಎಂದು ರೆಜಿಸ್‌ನನ್ನು ಸಮಾಧಾನ ಮಾಡಿದವಳೂ ನಾನೇ.

ಜೂನ್ ಬಂತು. ಹಿಂದಿನ ವಾರ ಚಳಿಗಾಳಿ ಬೀಸಿ ಹೂವು ತಡವಾಗಿತ್ತು. ಅಲ್ಲೊಂದು ಇಲ್ಲೊಂದು ಗೊಂಚಲಿನಲ್ಲಿ ಮಾತ್ರ ಮೊಗ್ಗಿನ ಟೊಪ್ಪಿಗೆ ಕಳಚಿತ್ತು. ನಾನು ಸ್ಟೇಷನ್ನಿನಿಂದ ಮದಾಮ್‌ರನ್ನು ವ್ಯಾನಿನಲ್ಲಿ ಕೂರಿಸಿಕೊಂಡು ಬಂದೆ. ಮನೆಯಲ್ಲಿ ಹ್ಯಾಮ್, ಚೀಸಿನ ಬೋಂಡ, ವೈನಿನಲ್ಲಿ ಬೇಯಿಸಿದ ಮೊಟ್ಟೆ ಎಲ್ಲ ತಯಾರಿತ್ತು.

"ಊಟ ಆಮೇಲೆ. ಮೊದಲು ತೋಟ," ಎಂದರು.

ತೋಟದ ದಾರಿಯಲ್ಲಿ ಪಕ್ಕದ ತೋಟದ ಲೂಸಿಯೆನ್ ಎತ್ತರದ ಟ್ರ್ಯಾಕ್ಟರಿನಲ್ಲಿ ಎದುರಾಗಿ ಕೈಯೆತ್ತಿದ. ಬೂದಿರೋಗಕ್ಕೆ ಗಂಧಕ ಹೊಡೆದು ಮುಗಿಸಿ ವಾಪಸಾಗುತ್ತಿದ್ದ. ನಾನೂ ಕೈಯೆತ್ತಿದೆ. ವ್ಯಾನಿನ ಬಾಗಿಲು ತೆರೆದಾಗ ಗಾಳಿ ಅವನ ತೋಟದ ಕಡೆಯಿಂದಲೇ ಬೀಸುತ್ತಿತ್ತು. ಒಂದು ಡಬ್ಬಿ ಬೆಂಕಿಕಡ್ಡಿಯನ್ನು ಒಟ್ಟಿಗೆ ಗೀರಿದ ಹಾಗೆ ಗಂಧಕದ ಘಾಟು. ಆಗಲೂ ನನಗೆ ಹೊಳೆಯಲಿಲ್ಲ.

ರೆಜಿಸ್ ಮೇಲಿನ ದಾರಿಯಿಂದ ಕಾಲ್ನಡಿಗೆಯಲ್ಲಿ ಇಳಿದು ಬಂದ. ಟ್ರ್ಯಾಕ್ಟರನ್ನು ಅವನು ನೋಡಿರಲಿಲ್ಲ. ಟೊಪ್ಪಿ ತೆಗೆದು ಮದಾಮ್‌ರ ಕೈ ಕುಲುಕಿದ.

ಮದಾಮ್ ಕೋಲೂರಿ ಮೊದಲ ಸಾಲಿನ ತುದಿಯಲ್ಲಿ ನಿಂತರು. "ಪ್ರತಿ ಜೂನ್‌ನಲ್ಲೂ ನಮ್ಮಪ್ಪ ನನ್ನ ಇಲ್ಲಿಗೆ ಕರ್ಕೊಂಡು ಬಂದು ಕೈಯಿಂದ ಕಣ್ಣು ಮುಚ್ಚೋರು. ಹೂವಿನ ಪರಿಮಳ ಬಂದಿದೆಯಾ ಹೇಳು ಅನ್ನೋರು. ಬರದೆ ಇದ್ದಾಗ ಬಂತು ಅಂದ್ರೆ ಅವತ್ತು ಮಿಠಾಯಿ ಇಲ್ಲ." ಅವರು ಕಣ್ಣು ಮುಚ್ಚಿಕೊಂಡರು. "ಈಗ ನೀವು ಹೇಳಿ ರೆಜಿಸ್. ಬಂದಿದೆಯಾ?"

ಈಗ ಹೊಳೆಯಿತು. ವರ್ಷವಿಡೀ ಇಲ್ಲಿನ ರೈತ ಕಾಯುವುದು ಆ ಪರಿಮಳಕ್ಕೆ. ಅದು ಬಂದರೆ ಕೊಯ್ಲಿನ ಲೆಕ್ಕ ಶುರು. ಹುಟ್ಟಿದಾಗಿನಿಂದ ಅದರೊಳಗೇ ಬದುಕಿದ ನಾವು, ವಾಸನೆ ಎಂದರೆ ಪೀಪಾಯಿ ಮಾತ್ರ ಎಂದುಕೊಂಡು, ಮೂಗಿಲ್ಲದ ಗಂಡಸನ್ನು ಅದೇ ವಾರ ಅದೇ ತೋಟದಲ್ಲಿ ತಂದು ನಿಲ್ಲಿಸಿದ್ದೆವು.

ರೆಜಿಸ್ ನನ್ನ ಕಡೆ ನೋಡಿದ. ನಾನು ಇಲ್ಲವೆಂದು ತಲೆಯಲ್ಲಾಡಿಸುವಷ್ಟರಲ್ಲಿ ಅವನ ಕಣ್ಣು ಪಕ್ಕದ ಗೊಂಚಲಿಗೆ ಹೋಗಿತ್ತು. ಅದರಲ್ಲಿ ನಾಲ್ಕು ಹೂ ಅರಳಿದ್ದವು. ಅವನು ಎದೆ ತುಂಬ ಉಸಿರೆಳೆದುಕೊಂಡ, ಆ ಘಾಟನ್ನೆಲ್ಲ ಎಳೆದುಕೊಂಡ.

"ಬಂದಿದೆ ಮದಾಮ್," ಎಂದ. "ಈ ವರ್ಷ ಜೇನಿನ ಹಾಗಿದೆ."

ಮದಾಮ್ ಕಣ್ಣು ತೆರೆದು ಅವನನ್ನು ನೋಡಿದರು. ಆಮೇಲೆ ನನ್ನ ಕಡೆ ತಿರುಗಿದರು. "ನೀವೇನಂತೀರಿ ಗಿಲೆನ್?"

ರೆಜಿಸ್ ನಗುತ್ತಿದ್ದ. ಆ ನಗುವನ್ನು ನನ್ನ ಕೈಯಾರೆ ಒರೆಸುವುದು ನನ್ನಿಂದಾಗಲಿಲ್ಲ.

"ಹೌದು ಮದಾಮ್," ಎಂದೆ. "ಚೆನ್ನಾಗಿ ಬಂದಿದೆ."

"ನನಗೆ ಗಂಧಕ ಬಿಟ್ಟು ಇನ್ನೇನೂ ಗೊತ್ತಾಗ್ತಿಲ್ಲ," ಎಂದರು ಮದಾಮ್. ದನಿ ಏರಿಸಲಿಲ್ಲ. "ಒಬ್ಬರಿಗೆ ಮೂಗಿಲ್ಲ, ಇನ್ನೊಬ್ಬರಿಗೆ ನಿಜ ಹೇಳೋ ಬಾಯಿಲ್ಲ. ಯಾರ ಕೈಗೆ ಕೊಡ್ಲಿ ನಮ್ಮಪ್ಪನ ಬಳ್ಳೀನ?"

ರೆಜಿಸ್ ನನ್ನತ್ತ ತಿರುಗಿದ. "ಗಿಲೆನ್, ಏನು ವಾಸನೆ ಇದೆ?"

"ಗಂಧಕ," ಎಂದೆ. "ಲೂಸಿಯೆನ್ ಹೊಡೆದು ಹೋಗಿದ್ದಾನೆ. ಇಲ್ಲಿ ಇಳಿದಾಗಿನಿಂದ ಅದೊಂದೇ."

ಅವನ ಕೈಯಲ್ಲಿದ್ದ ಟೊಪ್ಪಿ ಸುಮ್ಮನೆ ತಿರುಗುತ್ತಿತ್ತು. ಆಮೇಲೆ ಅವನೇ ಎಲ್ಲ ಹೇಳಿದ: ಜ್ವರ, ಡಿಜೋನ್, ನಾನು ಕೊಡುವ ಮಾತು, ಜೂನ್ ತಿಂಗಳನ್ನು ಆರಿಸಿದ ಕಾರಣ ಕೂಡ. ಏನನ್ನೂ ಮುಚ್ಚಿಡಲಿಲ್ಲ, ನನ್ನ ಮೇಲೂ ಹಾಕಲಿಲ್ಲ. "ನಾನೇ ಹೇಳ್ಬೇಡ ಅಂದಿದ್ದೆ," ಎಂದ. ನನಗೆ ಅವನ ಬಗ್ಗೆ ಅಷ್ಟು ಹೆಮ್ಮೆಯೂ ಅಷ್ಟು ಸಂಕಟವೂ ಒಟ್ಟಿಗೆ ಎಂದೂ ಆಗಿರಲಿಲ್ಲ.

"ನೆಲಮಾಳಿಗೆ ತೆಗೀರಿ," ಎಂದರು ಮದಾಮ್.

"ಹೂವಿನ ಕಾಲ ಮದಾಮ್, ವೈನು ಕದಡಿರತ್ತೆ..."

"ನಮ್ಮಪ್ಪನೂ ಅದನ್ನ ನಂಬೋರು. ಆದ್ರೆ ಅದರ ಹಿಂದೆ ಬಚ್ಚಿಟ್ಟುಕೊಳ್ತಿರಲಿಲ್ಲ. ತೆಗೀರಿ."

ಮೆಟ್ಟಿಲು ಇಳಿಯಲು ಅವರಿಗೆ ರೆಜಿಸ್ ತೋಳು ಕೊಟ್ಟ. ಕೆಳಗೆ ಅವನು ರೂಢಿಯಂತೆ ಗಾಜಿನ ನಳಿಗೆಗೆ ಕೈ ಹಾಕಿದ. ಮದಾಮ್ "ಅವರಿಗೆ ಕೊಡಿ" ಎಂದರು. ಅವನು ನನಗೆ ಕೊಟ್ಟು, ನಾನು ನಿಲ್ಲುತ್ತಿದ್ದ ಜಾಗಕ್ಕೆ, ಲೋಟ ತೊಳೆಯುವ ತೊಟ್ಟಿಯ ಹತ್ತಿರಕ್ಕೆ ಹೋಗಿ ನಿಂತ.

ನಾನು ತೆಗೆದೆ, ಮೂಸಿದೆ, ಹೇಳಿದೆ. ಮದಾಮ್ ಹೂಂ ಅನ್ನಲಿಲ್ಲ, ಉಹೂಂ ಅನ್ನಲೂ ಇಲ್ಲ. ಒಂದೊಂದಾಗಿ ಮುಗಿದು ಗೋಡೆ ಬದಿಯ ಪೀಪಾಯಿಯ ಸರದಿ ಬಂತು. ಲೋಟ ಮೂಗಿಗೆ ಹಿಡಿಯುವ ಮೊದಲೇ ತಿಳಿಯಿತು, ಮೇ ತಿಂಗಳಿಗಿಂತ ಜಾಸ್ತಿಯಾಗಿತ್ತು. ಹೂವಿನ ಕಾಲ, ಅದಕ್ಕೇ ಹೀಗೆ ಎನ್ನಬಹುದಿತ್ತು. ರೆಜಿಸ್ ಕತ್ತು ಮುಂದೆ ಮಾಡಿ ಕಾಯುತ್ತಿದ್ದ, ಅವನ ಪೀಪಾಯಿಯ ಬಗ್ಗೆ ಒಳ್ಳೆಯ ಮಾತು ಕೇಳಲು.

"ಇದು ಕೆಡ್ತಾ ಇದೆ," ಎಂದೆ. "ವಿನಿಗರ್ ಆಗ್ತಾ ಇದೆ."

ಮದಾಮ್ ಮೂಸಿ ನೋಡಿ ಲೋಟ ಕೆಳಗಿಟ್ಟರು. "ಹೌದು," ಎಂದರು. ಆ ಮಧ್ಯಾಹ್ನ ಅವರು ನನಗೆ ಹೌದು ಎಂದದ್ದು ಅದೊಂದೇ ಸಲ.

"ಯಾವಾಗಿಂದ?" ರೆಜಿಸ್ ಕೇಳಿದ.

"ಮೇ ತಿಂಗಳಿಂದ."

"ಬೆಲ್ಜಿಯಂನೋನು ಬರೋ ಮುಂಚೆನಾ, ಆಮೇಲಾ?"

"ಅವತ್ತು ಬೆಳಿಗ್ಗೆ."

"ಚೆರಿ, ಹೊಸ ಚರ್ಮ, ಕೊನೇಲಿ ಮೆಣಸು," ಎಂದ ರೆಜಿಸ್. ಒಂದು ಮಾತೂ ಮರೆತಿರಲಿಲ್ಲ. "ವಿನಿಗರ್ ಕೈಯಲ್ಲಿ ಹಿಡ್ಕೊಂಡು ನಾನು ಹಾಗಂದೆ ಅವನ ಮುಂದೆ."

"ನೀನು ಸಿಳ್ಳೆ ಹಾಕ್ತಿದ್ದೆ ರೆಜಿಸ್. ಇನ್ನೊಂದು ಪೆಟ್ಟು ಬೇಡ ಅಂತ..."

ಅವನು ಕೈಯೆತ್ತಿ ನನ್ನನ್ನು ಸುಮ್ಮನಿರಿಸಿದ. ಬೈದಿದ್ದರೆ ನಾನೂ ಎರಡು ಮಾತಾಡುತ್ತಿದ್ದೆ, ಜಗಳವಾಗಿ ಮುಗಿಯುತ್ತಿತ್ತು. ಬೈಯಲಿಲ್ಲ.

ಮದಾಮ್ ಪೀಪಾಯಿಯ ಮೇಲೆ ಕೈಯಿಟ್ಟರು. "ಕೆಟ್ಟಿದ್ದನ್ನ ಕೆಟ್ಟಿದೆ ಅಂತ ಒಡತಿ ಮುಂದೆ ಹೇಳಿದ್ರಿ. ತಡವಾಗಿ ಹೇಳಿದ್ರಿ, ಆದ್ರೂ ಹೇಳಿದ್ರಿ. ಗೇಣಿ ಮುಂದುವರಿಸ್ತೀನಿ. ಆದ್ರೆ ಒಬ್ಬರ ಹೆಸರಿಗೇ ಬರೀತೀನಿ, ಕೇಳಿದ್ರೆ ಉತ್ತರ ಕೊಡೋರ ಹೆಸರಿಗೆ. ಯಾರದ್ದು ಬರೀಲಿ?"

"ಅವಳದ್ದು," ಎಂದ ರೆಜಿಸ್. ಮದಾಮ್ ಕೇಳಿದ ತಕ್ಷಣ ಹೇಳಿದ. ಮೂರು ತಲೆಮಾರಿನಿಂದ ಆ ಗೇಣಿ ಅವನ ಮನೆಯ ಗಂಡಸರ ಹೆಸರಿನಲ್ಲಿತ್ತು.

ಸ್ಟೇಷನ್ನಿನಲ್ಲಿ ರೈಲು ಹತ್ತುವ ಮೊದಲು ಮದಾಮ್ ನನ್ನ ಕೈ ಹಿಡಿದರು. "ಮುಂದಿನ ಸಲ ಯಾವ ಕಾಲ ಒಳ್ಳೇದು ಅಂತ ನಿಮ್ಮನ್ನ ಕೇಳಲ್ಲ. ನನಗೆ ಬೇಕಾದಾಗ ಬರ್ತೀನಿ." ನಾನು ಆಗಲಿ ಎಂದೆ. ತೋಟ ಉಳಿಯಿತು, ಖುಷಿಯಾಗಬೇಕಿತ್ತು. ವ್ಯಾನಿನಲ್ಲಿ ಒಬ್ಬಳೇ ಕೂತು ಅತ್ತೆ.

ಮುಂದಿನ ವಾರ ಬಿಸಿಲು ಬಂತು. ಒಂದು ಬೆಳಿಗ್ಗೆ ನಾನು ಬುತ್ತಿ ಹಿಡಿದು ತೋಟಕ್ಕೆ ಹೋದಾಗ ಇಳಿಜಾರಿನ ತುಂಬ ಅದೇ ಪರಿಮಳ. ಎಲ್ಲ ಗೊಂಚಲೂ ಅರಳಿ, ಸಣ್ಣಗೆ, ಸಿಹಿಯಾಗಿ, ಉಸಿರು ತೆಗೆದುಕೊಂಡಷ್ಟೂ ಸಾಲದು ಅನ್ನಿಸುವ ಹಾಗೆ. ರೆಜಿಸ್ ಸಾಲಿನ ನಡುವೆ ಚಿಗುರುಗಳನ್ನು ತಂತಿಗೆ ಕಟ್ಟುತ್ತಿದ್ದ. ಅವನು ಮನೆಯಲ್ಲಿ ಮಾತು ಬಿಟ್ಟಿರಲಿಲ್ಲ. ಉಪ್ಪು ಕೊಡು ಎನ್ನುತ್ತಿದ್ದ, ಮಳೆ ಬರಬಹುದು ಎನ್ನುತ್ತಿದ್ದ. ನಾನು ಅವನ ಹತ್ತಿರ ಹೋಗಿ ನಿಂತೆ, ಹೇಗಿದೆ ಹೇಳು ಎಂದು ಅವನು ಕೇಳಲೆಂದು. ಕೇಳಿದರೆ ಹೇಳಲು ಎಷ್ಟೊಂದು ಮಾತಿತ್ತು ನನ್ನ ಹತ್ತಿರ.

ಅವನು ಕೇಳಲಿಲ್ಲ. ಕೊನೆಗೆ ನಾನೇ, "ರೆಜಿಸ್, ಬಂದಿದೆ" ಎಂದೆ.

"ಹೂ ಕಾಣ್ತಾ ಇದೆಯಲ್ಲ," ಎಂದು ಅವನು ಮುಂದಿನ ಬಳ್ಳಿಗೆ ಹೋದ.

ಹೇಗಿದೆ ಎಂದು ಹೇಳಲು ಬಾಯಿ ತೆರೆದೆ. ಜೇನಿನ ಹಾಗೆ ಎಂದರೂ, ಗಂಧಕದ ಹಾಗೆ ಎಂದರೂ, ಅವನು ತಲೆಯಾಡಿಸಿ ಚಿಗುರು ಕಟ್ಟುತ್ತಿದ್ದ, ಅಷ್ಟೇ. ಈಗ ನಾನು ನಿಜ ಹೇಳಿದರೂ ಅದು ನಿಜವೆಂದು ತಿಳಿದುಕೊಳ್ಳಲು ಅವನ ಹತ್ತಿರ ನನ್ನನ್ನು ಬಿಟ್ಟು ಬೇರೆ ದಾರಿ ಇರಲಿಲ್ಲ, ಆ ದಾರಿಯನ್ನು ನಾನೇ ಮುಚ್ಚಿದ್ದೆ. ಬುತ್ತಿಯನ್ನು ಸಾಲಿನ ತುದಿಯ ಕಲ್ಲಿನ ಮೇಲಿಟ್ಟು, ಅವನ ಹಿಂದಿನ ಸಾಲಿನಲ್ಲಿ ಚಿಗುರು ಕಟ್ಟಲು ಶುರು ಮಾಡಿದೆ.